ನಡುಹಲಗೆ

ಶಿಷ್ಯ ಚೆನ್ನವೀರ ಕೇಳಿದ: "ಗುರುಗಳೇ, ಎಲ್ಲರೂ ಸಮಾನರೆಂದು ಹೋರಾಡಿದ ಆ ನಾಯಕರ ಜಯಂತಿಗೆ ಹೋಗಿದ್ದೆ. ಊರಿಗೆ ಊರೇ ಸೇರಿತ್ತು. ಒಂದು ಕಾಲಕ್ಕೆ ಅವರನ್ನು ಬೈದ ಮನೆತನದವರೇ ಮುಂದೆ ನಿಂತು ಹಾರ ಹಾಕಿದರು. ಅವರ ಮಾತನ್ನು ಎಲ್ಲರೂ ಒಪ್ಪಿದ ಮೇಲೂ ಮತ್ತೆ ಮತ್ತೆ ಅದನ್ನೇ ಹೇಳುವುದೇಕೆ?"

"ಎಲ್ಲರೂ ಒಪ್ಪಿಬಿಟ್ಟರೋ? ಬಹಳ ಸಂತೋಷ," ಎಂದರು ಗುರುಗಳು. "ಹಾಗಾದರೆ ಆರಾಮಾಗಿ ಕೂತು ಒಂದು ದೋಣಿಯ ಕತೆ ಕೇಳು."

ಒಂದು ಊರು. ಊರ ಮುಂದೆ ಹೊಳೆ. ಸಂತೆಗೂ ನೆಂಟರ ಮನೆಗೂ ಹೊಳೆ ದಾಟಿಯೇ ಹೋಗಬೇಕು. ದಾಟಿಸಲು ಒಬ್ಬ ಅಂಬಿಗ, ಅವನದೊಂದು ದೋಣಿ, ದೋಣಿಯಲ್ಲಿ ಕೂರಲು ಮೂರು ಹಲಗೆ. ಹೊರಕೇರಿಯವರು ಮಾತ್ರ ಹಲಗೆಯ ಮೇಲೆ ಕೂರುವಂತಿರಲಿಲ್ಲ. ತಳದಲ್ಲಿ ಜಿನುಗಿದ ನೀರಲ್ಲಿ ಕುಕ್ಕರುಗಾಲಲ್ಲಿ ಕೂರಬೇಕು. ಊರವರು ಹೆಚ್ಚಾದ ದಿನ ಅದೂ ಇಲ್ಲ, ದಡದಲ್ಲೇ ನಿಲ್ಲಬೇಕು. ಯಾರು ಮಾಡಿದ ಕಟ್ಟಳೆಯೋ ಏನೋ, ಹೊಳೆಯಂತೂ ಮಾಡಿದ್ದಲ್ಲ.

ಹೊರಕೇರಿಯಲ್ಲೇ ಹುಟ್ಟಿ, ಹೊರಗೆ ಓದಿ ಬಂದ ಒಬ್ಬರು ಒಂದು ದಿನ ನಡುಹಲಗೆಯ ಮೇಲೆ ಕೂತುಬಿಟ್ಟರು. ಊರವರು ಏಳು ಎಂದರು, ಇವರು ಏಳಲಿಲ್ಲ. ನೀರಿಗೆ ನೂಕಿದರು. ಈಜಿ ದಡ ಸೇರಿ, ಮರುದಿನ ಬಂದು ಮತ್ತೆ ಅಲ್ಲೇ ಕೂತರು. ಮುಳುಗಿಸುವಾಗ ಹೊಳೆ ಯಾವ ಕೇರಿ ಎಂದು ಕೇಳುವುದಿಲ್ಲ, ದಾಟಿಸುವಾಗ ದೋಣಿ ಯಾಕೆ ಕೇಳಬೇಕು ಎನ್ನುತ್ತಿದ್ದರು. ಹಟವೆಂದರೆ ಹಟ. ಕೊನೆಗೆ ಊರೇ ಸೋತಿತು. ಮೊದಲು ಬಂದವರು ಮೊದಲು ಕೂರುವುದು ರೂಢಿಯಾಯಿತು.

ಅವರು ತೀರಿಕೊಂಡಾಗ ಊರ ಗೌಡನೂ ಅತ್ತ. ಸುಳ್ಳು ಅಳುವಲ್ಲ, ನಿಜವಾಗಿಯೇ ಅತ್ತ. ಅಂಥವರು ಕೂತ ಹಲಗೆಯ ಮೇಲೆ ಇನ್ನು ಯಾರೂ ಕೂರಬಾರದು ಎಂದ. ಹೊರಕೇರಿಯವರಿಗೂ ಹೆಮ್ಮೆಯಾಯಿತು, ಹೂಂ ಎಂದರು. ನಡುಹಲಗೆಯ ಮೇಲೆ ಅವರ ಪಟ ಇಟ್ಟು ದಿನಾ ಹೂ ಏರಿಸಿದರು.

ಉಳಿದದ್ದು ಎರಡು ಹಲಗೆ. ಅವುಗಳ ಮೇಲೆ ಊರವರು ಕೂತರು. ಹೊರಕೇರಿಯವರು ಮೆಲ್ಲಗೆ ತಳಕ್ಕೆ ಜಾರಿದರು, ಆಮೇಲೆ ದಡಕ್ಕೆ. ಈಗ ಅದಕ್ಕೆ ಯಾರೂ ಕಟ್ಟಳೆ ಎನ್ನಲಿಲ್ಲ. ಜಾಗ ಇಲ್ಲ ಎಂದರು, ಅಷ್ಟೇ.

ಒಂದು ಸಂಜೆ ಹೊಳೆ ಏರುತ್ತಿತ್ತು. ಅಂದಿನ ಕಡೆಯ ದೋಣಿ ಹೊರಡುವುದರಲ್ಲಿತ್ತು. ಹೊರಕೇರಿಯ ದುರುಗವ್ವ ಏದುಸಿರು ಬಿಡುತ್ತ ಓಡಿ ಬಂದಳು. ಆಚೆ ದಡದ ಊರಿನಲ್ಲಿ ಅವಳ ಮಗಳಿಗೆ ಚೊಚ್ಚಲ ಹೆರಿಗೆಯ ನೋವು ಶುರುವಾಗಿತ್ತು, ಹತ್ತಿರ ಯಾರೂ ಇರಲಿಲ್ಲ. ದೋಣಿಯ ತಳವೂ ತುಂಬಿತ್ತು. ಖಾಲಿ ಇದ್ದದ್ದು ನಡುಹಲಗೆ ಒಂದೇ.

ಗೌಡ ಮೆತ್ತಗೇ ಹೇಳಿದ: "ಅದು ಅವರ ಜಾಗ ತಾಯಿ, ಅಪಚಾರವಾಗುತ್ತದೆ. ಬೆಳಿಗ್ಗೆ ಮೊದಲು ನೀನೇ ಹತ್ತುವೆಯಂತೆ."

"ಅವರಿದ್ದಿದ್ದರೆ ಕೈಹಿಡಿದು ಕೂರಿಸಿಕೊಳ್ಳುತ್ತಿದ್ದರಲ್ಲ, ಗೌಡರೇ," ಎಂದಳು ದುರುಗವ್ವ.

ದೋಣಿಯ ತಳದಲ್ಲಿದ್ದ ಅವಳ ಕೇರಿಯ ಹಿರಿಯನೂ ತಲೆ ತಗ್ಗಿಸಿ ಕೂತಿದ್ದ. ಅಂಬಿಗ ಅವಳನ್ನು ನೋಡಿದ, ಪಟವನ್ನು ನೋಡಿದ, ದೋಣಿ ಬಿಟ್ಟ.

ಆಚೆ ದಡದಲ್ಲಿ ಮಗಳು ಅವ್ವಾ ಅವ್ವಾ ಎಂದು ಕರೆಯುತ್ತಲೇ ಇದ್ದಳಂತೆ. ಬೆಳಗಿನ ದೋಣಿಗೆ ದುರುಗವ್ವ ಹೋದಾಗ ಕೂಸು ಅಳುತ್ತಿತ್ತು. ಮಗಳು ಕರೆಯುತ್ತಿರಲಿಲ್ಲ.

ಗುರುಗಳು ಕತೆ ಮುಗಿಸಿದರು. ಚೆನ್ನವೀರನಿಗೆ ಸಂಕಟವೂ ಸಿಟ್ಟೂ ಒಟ್ಟಿಗೇ ಬಂದವು. ಅಷ್ಟು ಜನರಲ್ಲಿ ಒಬ್ಬರಿಗಾದರೂ ಆ ಹಲಗೆಗಾಗಿ ಹಟ ಹಿಡಿದವರ ನೆನಪಾಗಲಿಲ್ಲವೇ ಎಂದು ಕೇಳಿದ.

"ಎಲ್ಲರಿಗೂ ಆಯಿತಪ್ಪ," ಎಂದರು ಗುರುಗಳು. "ದೋಣಿ ಬಿಡುವ ಮೊದಲು ಎಲ್ಲರೂ ಆ ಹಲಗೆಗೆ ಕೈಮುಗಿದರು."