ಮಸಿ ಹತ್ತದ ಮೊಳೆ

ಹೊಳೆದಂಡೆಯ ಮಠದಿಂದ ಕಣ್ಣಿನ ಆಪರೇಷನ್ನಿಗೆ ಜನರನ್ನು ಪಟ್ಟಣಕ್ಕೆ ಕಳಿಸುವ ದಿನ. ಪಟ್ಟಿಯಲ್ಲಿ ಹೆಸರು ಹುಡುಕಿ ಚೀಟಿ ಕೊಡುವ ಪ್ರೋಗ್ರಾಂ ಬರೆದವನು ಶಿಷ್ಯ ಅಮರೇಶ. ಪುಣ್ಯಾತ್ಮ, ಅದನ್ನು ಕೇಳದೆ ನೀರೂ ಕುಡಿಯುವವನಲ್ಲ.

ಕೊಟ್ರವ್ವ ಬಂದು ಹೆಸರು ಹೇಳಿದಳು. ಕಂಪ್ಯೂಟರು ‘ಇಲ್ಲ’ ಅಂದಿತು.

"ನಿನ್ನ ಹೆಸರಿಲ್ಲಬೇ."

"ಯಪ್ಪಾ, ನಿನ್ನ ಮುಂದನ ಬರಿಸೀನಲ್ಲೋ! ಇವತ್ತು ತಪ್ಪಿದ್ರ ಇರೋ ಒಂದು ಕಣ್ಣೂ ಹೋಗ್ತೈತಂತ."

ಅಮರೇಶ ಪಟ್ಟಿ ತೆರೆದು ನೋಡಿದ. ಅರೆ, ಹೆಸರಿದೆ! ಹುಡುಕಿದರೆ ಇಲ್ಲ. ಮತ್ತೆ ನೋಡಿದ, ಇದೆ. ತಲೆ ಚಿಟ್ಟು ಹಿಡಿಯಿತು.

ಬಸ್ಸು ಹೊರಡಲು ಇನ್ನು ಒಂದು ಗಂಟೆ. ಗುರುಗಳ ಹತ್ತಿರ ಓಡಿದ.

ಗುರು ಚನ್ನವೀರಯ್ಯ ಒಂದು ಕಾಲಕ್ಕೆ ಮಠದ ಅಚ್ಚುಕೂಟದಲ್ಲಿ ಸೀಸದ ಅಚ್ಚುಮೊಳೆ ಜೋಡಿಸಿ ಅಕ್ಷರ ಕೂಡಿಸಿದವರು. ಎಲ್ಲರಿಗೂ ಅವರು ಅಜ್ಜಾರು. ಕಂಪ್ಯೂಟರು ಅವರಿಗೆ ಬರದು.

"ಅಜ್ಜಾರ, ಹೆಸರು ಕಾಣ್ತೈತಿ, ಆದ್ರ ಇಲ್ಲ! ಅದು ಬ್ಯಾರೆ ಕೊಟ್ರವ್ವ ಇರಬೇಕು. ಈಕೀನ ವಾಪಸ್ ಕಳಿಸ್ಲೇನ್ರೀ?"

ಅಜ್ಜಾರು ಜೋಡಿಸಿಟ್ಟಿದ್ದ ಒಂದು ಸಾಲು ಮೊಳೆ ತಂದು, ಮಸಿ ಸವರಿ, ಕಾಗದ ಒತ್ತಿದರು. ಎರಡು ಪದ ಮೂಡಿದವು.

"ನಡುವ ಏನೈತಿ?"

"ಏನಿಲ್ರಿ. ಖಾಲಿ."

ಅಜ್ಜಾರು ಚಿಮಟದಿಂದ ಆ ಖಾಲಿಯನ್ನೇ ಹಿಡಿದು ಎತ್ತಿದರು. ಅಕ್ಷರವಿಲ್ಲದ ಗಿಡ್ಡ ಮೊಳೆಯೊಂದು ಉಳಿದವುಗಳ ಸಮಕ್ಕೆ ಬಂತು. ಮತ್ತೆ ಮಸಿ ಸವರಿ ಒತ್ತಿದರು. ಪದಗಳ ನಡುವೆ ಕರೀ ಚೌಕ ಮೂಡಿತು.

"ಈಗ?"

ಅಮರೇಶನಿಗೆ ಅರ್ಧ ತಿಳಿಯಿತು, ಅರ್ಧ ಇಲ್ಲ. ಆದರೂ ಓಡಿಹೋಗಿ, ಪರದೆಯ ಮೇಲೆ ಕಾಣದ್ದಕ್ಕೆಲ್ಲ ಒಂದೊಂದು ಗುರುತು ಮೂಡುವಂತೆ ಪ್ರೋಗ್ರಾಂ ತಿದ್ದಿದ. ಖಾಲಿ ಜಾಗಕ್ಕೆ ಚುಕ್ಕಿ, ಟ್ಯಾಬ್ ಕೀಲಿ ಒತ್ತಿದರೆ ಬೀಳುವ ಅಗಲ ಖಾಲಿಗೆ ಬಾಣ.

ಪಟ್ಟಿ ತೆರೆದ. ಕೊಟ್ರವ್ವನ ಹೆಸರಿನ ಕೊನೆಗೆ ಒಂದು ಬಾಣ! ಹೆಸರು ಹಾಕುವಾಗ ಅವನದೇ ಬೆರಳು ಟ್ಯಾಬು ಒತ್ತಿತ್ತು. ಕಂಪ್ಯೂಟರು ಅದನ್ನೂ ಹೆಸರಿಗೆ ಸೇರಿಸಿಕೊಂಡಿತ್ತು, ಅದಕ್ಕೇ ಬರೀ ಹೆಸರು ಹುಡುಕಿದರೆ ‘ಇಲ್ಲ’ ಅಂದಿತ್ತು.

ನಾಚಿಕೆಯಿಂದ ನೆಲ ನೋಡುತ್ತ ಅವಳಿಗೆ ಚೀಟಿ ಕೊಟ್ಟು, ಕೈಹಿಡಿದು ಬಸ್ಸು ಹತ್ತಿಸಿದ.

ತಿರುಗಿ ಬಂದು ನೋಡಿದರೆ ಇನ್ನೂ ಮೂರು ಹೆಸರಿಗೆ ಬಾಣ. ಆ ಮೂವರೂ ಬೆಳಿಗ್ಗೆ ಬಂದಿದ್ದರು. ‘ಹೆಸರಿಲ್ಲ’ ಎಂದು ಅವನೇ ಸಾಗಹಾಕಿದ್ದ. ಪಾಪ, ಅವರು ಜಗಳವಾಡದೆ ಹೋಗಿದ್ದರು.

ಹೊರಗೆ ಬಸ್ಸಿನ ಹಾರ್ನು ಕೇಳಿತು. ಬಾಗಿಲಲ್ಲಿ ಅಜ್ಜಾರು ನಿಂತಿದ್ದರು.

"ಅಜ್ಜಾರ, ನಂದ ತಪ್ಪು. ಈ ಮೂರು ಬಾಣಾನೂ ಈಗ ಅಳಿಸಿಬಿಡ್ತೀನ್ರಿ."

"ಬಾಣ ಆಮ್ಯಾಲ ಅಳಸು. ದೋಣಿ ಇನ್ನೂ ಬಿಟ್ಟಿಲ್ಲ, ಅವರು ಹೊಳಿ ದಾಟಿರಾಕಿಲ್ಲ, ಓಡು. ಬಸ್ಸಿನ ಗಾಲಿ ಮುಂದ ನಾ ಕುಂತಿರ್ತೀನಿ."