ದೊಡ್ಡಕ್ಕನ ನೀರಿನ ಹೊರೆ

ಭೂಮಿಯ ಮೈ ಇನ್ನೂ ಹಸಿಯಾಗಿದ್ದ ಕಾಲ. ಆಗ ಅವಳ ಮೇಲೆ ಐವರು ಗಾಳಿಯ ಅಕ್ಕತಂಗಿಯರು ವಾಸವಾಗಿದ್ದರು, ಒಬ್ಬಳ ಮೇಲೊಬ್ಬಳು. ಐದಂತಸ್ತಿನ ಮನೆ ಅನ್ನಿ. ಮೆಟ್ಟಿಲು ಮಾತ್ರ ಇರಲಿಲ್ಲ. ಕಟ್ಟಿದವರು ಮರೆತರೋ ಏನೋ!

ತುದಿಯಲ್ಲಿದ್ದವಳು ತಾನೆಲ್ಲಿ ಮುಗಿಯುತ್ತೇನೆಂದು ತನಗೇ ತಿಳಿಯದವಳು. ಅವಳ ಕೆಳಗಿನವಳ ಮೈ ಕೆಂಡ. ಆದರೆ ಎಷ್ಟು ತೆಳ್ಳಗೆಂದರೆ, ಪಕ್ಕದಲ್ಲಿ ಕೂತರೂ ಬಿಸಿ ತಾಗದು. ನಡುವಿನವಳು ಚಳಿಯಲ್ಲಿ ನಡುಗುತ್ತಲೇ, ಮೇಲಿಂದ ಬೀಳುವ ಕಲ್ಲುಗಳನ್ನು ಸುಟ್ಟು ಬೂದಿ ಮಾಡುತ್ತಿದ್ದಳು. ಕೆಳಗಿನಿಂದ ಎರಡನೆಯ ಅಂತಸ್ತಿನ ನಿಶ್ಚಲೆ, ಸೂರ್ಯನ ಚೂಪು ಕಿರಣಗಳಿಗೆ ಅಡ್ಡವಾಗಿ ಓಝೋನಿನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಅಲುಗಾಡುವಂತಿಲ್ಲ!

ಎಲ್ಲರಿಗಿಂತ ಕೆಳಗೆ ದೊಡ್ಡಕ್ಕ. ಅಯ್ಯೋ, ಅವಳ ಪಾಡು! ಕಡಲಿಂದ ನೀರು ಹೊರು, ಬೆಟ್ಟದ ಮೇಲೆ ಸುರಿ. ಮತ್ತೆ ಹೊರು, ಮತ್ತೆ ಸುರಿ. ಗುಡುಗು, ಧೂಳು, ಬಿರುಗಾಳಿ, ಎಲ್ಲಾ ಅವಳ ತಲೆಗೇ.

ಒಂದು ಮಧ್ಯಾಹ್ನ ಅವಳಿಗೆ ಸಾಕಾಯಿತು. ಹೊರೆ ಹೊತ್ತುಕೊಂಡೇ ಏರಿದಳು, ಏರಿದಳು.

"ಏ ನಿಶ್ಚಲೆ, ಇಳಿಸೋಕೆ ಒಂದು ಕೈ ಕೊಡೇ. ಕತ್ತು ಬಿದ್ದುಹೋಗ್ತಿದೆ."

ಹೊರೆ ಹೊತ್ತವರು ಕೈ ಕೇಳಿದರೆ ಇಲ್ಲವೆನ್ನುವಂತಿಲ್ಲ, ಆಗಲೂ ಅದೇ ಪದ್ಧತಿ. ಮಾತು ಬಿಟ್ಟವರು ಕೂಡ ನಿಂತು ಕೈ ಕೊಡಬೇಕು. ನಿಶ್ಚಲೆ ಹಿಂದೆಮುಂದೆ ನೋಡದೆ ಒಂದು ಕೈ ಚಾಚಿದಳು. ಸೆರಗು ಜಾರಿತು.

"ಉರಿ! ಉರಿ!" ಎಂದು ಕೆಳಗಿನಿಂದ ಕೂಗು. ಭೂಮಿಯ ಚೊಚ್ಚಲ ಹುಲ್ಲೆಸಳು ಅದು. ಆಗಷ್ಟೇ ಮಣ್ಣಿನಿಂದ ತಲೆಯೆತ್ತಿದ ಕೂಸು. ಅದರ ತುದಿ ಸುಟ್ಟು ಕಂದಿತ್ತು.

ನಿಶ್ಚಲೆ ಸರಕ್ಕನೆ ಸೆರಗೆಳೆದುಕೊಂಡಳು. "ಅಕ್ಕಾ, ಕೈ ಕೊಟ್ರೆ ಆ ಕೂಸು ಸಾಯುತ್ತೆ. ಕೊಡದಿದ್ರೆ ನೀನು..."

"ನಾನೆಲ್ಲಿ ಸಾಯ್ತೀನಿ? ನಂಗೆ ಅದಕ್ಕೂ ಪುರುಸೊತ್ತಿಲ್ಲ," ಎಂದು ದೊಡ್ಡಕ್ಕ ನಿಟ್ಟುಸಿರಿಟ್ಟಳು.

"ನನ್ನ ತೋಳೂ ಸೋತಿದೆ ಅಕ್ಕ. ಕೈ ಕೊಡಲಾರೆ. ನನ್ನ ಅಂತಸ್ತಿನ ಅಡಿಗೆ ಹೊರೆ ಆನಿಸಿಕೊಂಡು ಸ್ವಲ್ಪ ನಿಲ್ಲು, ಬಾ."

ದೊಡ್ಡಕ್ಕ ಹಾಗೇ ಮಾಡಿದಳು. ಹೊರೆಯನ್ನು ತಂಗಿಯ ಅಂತಸ್ತಿನ ಅಡಿಗೆ ಒತ್ತಿ, ಅಕ್ಕಪಕ್ಕಕ್ಕೆ ಹರಡಿ, ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ಅಲ್ಲಿಂದಲೇ ನೀರು ಸುರಿದಳು. ಕಂದಿದ ಎಸಳು ನೆನೆಯಿತು, ಉಳಿಯಿತು. ಅವಳು ಸೊಂಟ ಹಿಡಿದುಕೊಂಡು ಮತ್ತೆ ಕಡಲಿಗೆ ಇಳಿದಳು.

ಅದಕ್ಕೇ ಮಕ್ಕಳೇ, ಬೇಸಿಗೆಯ ಸಂಜೆ ಗೋಪುರದಂತೆ ಏರುವ ಕರಿಮೋಡ ಇವತ್ತಿಗೂ ಒಂದೆತ್ತರಕ್ಕೆ ಹೋಗಿ ನಿಂತು, ತಲೆ ಚಪ್ಪಟೆ ಮಾಡಿಕೊಂಡು ಅಗಲವಾಗಿ ಹರಡಿಕೊಳ್ಳುವುದು.