ಹೊತ್ತಿಳಿಯದ ಗುಡ್ಡ

ಚಿತ್ರದುರ್ಗದ ಸೀಮೆಯಲ್ಲಿ ಬೊಮ್ಮಗುಂಟೆಯೆಂಬ ಊರಿನ ಬೆನ್ನಿಗೆ ಒಂದು ಬೋಳುಗುಡ್ಡವಿದೆ. ಗುಡಿಯಿಲ್ಲ, ಕೋಟೆಯಿಲ್ಲ, ಕಾರೆಮುಳ್ಳು, ಬಂಡೆ, ಒಂದಿಷ್ಟು ಕೋತಿಗಳು. ಹೆಸರು ಮಾತ್ರ ಹೊತ್ತಿಳಿಯದ ಗುಡ್ಡ. ಎಲ್ಲ ಕಡೆ ಮುಳುಗುವ ಸೂರ್ಯ ಇಲ್ಲಿ ಮುಳುಗುವುದಿಲ್ಲವೇ ಎಂದು ಹೊಸಬರು ನಗುತ್ತಾರೆ. ಮುಳುಗುತ್ತಾನೆ. ಬಯಲಿಗೆಲ್ಲ ನೆರಳು ಬಿದ್ದ ಮೇಲೂ ನೆತ್ತಿಯಲ್ಲಿ ಸ್ವಲ್ಪ ಬಿಸಿಲು ನಿಂತಿರುತ್ತದೆ, ಅದಕ್ಕೇ ಈ ಹೆಸರು ಎಂದು ಶಾಲೆಯ ಮೇಷ್ಟರು ಹೇಳಿಕೊಡುತ್ತಾರಂತೆ. ಪಾಪ, ಅವರು ಪರಸ್ಥಳದವರು. ಊರಿನವರು ಹೇಳುವ ಕಾರಣ ಬೇರೆ.

ಹಿಂದೆ ಒಮ್ಮೆ, ಜಪಾನಿನವರು ಬರುತ್ತಾರೆಂಬ ಗುಲ್ಲು ಹಬ್ಬಿದ್ದ ಯುದ್ಧಕಾಲದಲ್ಲಿ, ಊರಿಗೆ ವಾಂತಿಭೇದಿ ಬಡಿಯಿತು. ಕಾಟಮ್ಮನೆಂಬ ಹೆಂಗಸಿನ ಹಿರಿಮಗಳು ತೀರಿಕೊಂಡಳು. ಅವಳನ್ನು ಮಣ್ಣುಮಾಡಿ ಬರುವಷ್ಟರಲ್ಲಿ ಕಿರಿಮಗ ಪಾಲಯ್ಯನೂ ಹಾಸಿಗೆ ಹಿಡಿದಿದ್ದ. ಹಿರಿಯರು ಸೇರಿ ಹೊರಬೀಡು ಗೊತ್ತುಮಾಡಿದರು. ಮಾರಿಯನ್ನು ಊರಿನಿಂದ ಕಳಿಸುವ ಕ್ರಮವದು. ಒಲೆಗಳನ್ನೆಲ್ಲ ಆರಿಸಿ, ದನಕರು ಕೋಳಿ ಸಮೇತ ಹೊತ್ತು ಮೂಡುವ ಮುನ್ನ ಊರು ಬಿಡಬೇಕು, ಊರಬಾಗಿಲಿಗೆ ಮುಳ್ಳು ಬಡಿಯಬೇಕು, ಗುಡ್ಡದ ನೆತ್ತಿಯ ಬಿಸಿಲು ಇಳಿಯುವ ತನಕ ನರಪಿಳ್ಳೆಯೂ ಎಲ್ಲೆಯೊಳಗೆ ಕಾಲಿಡಕೂಡದು. ಇಟ್ಟರೆ ಮಾರಿ ಹೋಗದೆ ಉಳಿಯುತ್ತಾಳೆ. ಗುಡ್ಡವೂ ಆ ಎಲ್ಲೆಯ ಒಳಗೇ ಬರುತ್ತದೆ.

ಅಂದು ಊರೆಲ್ಲ ಪಡುವಣ ಹುಣಸೆತೋಪಿನಲ್ಲಿ ಬೀಡುಬಿಟ್ಟಿತ್ತು. ಬೆಳಗಿನಿಂದ ಮೋಡ. ಆ ಮೋಡದೊಳಗೆ ಎಲ್ಲೋ ವಿಮಾನದ ಸದ್ದು ಸುತ್ತಿ ಸುತ್ತಿ ಬಂದು, ಗುಡ್ಡಕ್ಕೆ ಸಿಡಿಲು ಬಡಿದ ಹಾಗೆ ಆಗಿ ನಿಂತುಹೋಯಿತು. ಕಡಲ ಕಡೆ ಶತ್ರುಗಳ ಹಡಗು ಹುಡುಕಲು ಹೋಗಿ ದಾರಿ ತಪ್ಪಿದ ಕಣ್ಗಾವಲಿನ ವಿಮಾನ, ಒಳಗೆ ಮೂವರಿದ್ದರು ಎಂಬುದೆಲ್ಲ ಆಮೇಲೆ ತಿಳಿದದ್ದು. ಮಧ್ಯಾಹ್ನ ಮೋಡ ಹರಿದು ಬಿಸಿಲು ಬಿದ್ದಾಗ ಗುಡ್ಡದ ನೆತ್ತಿಯಲ್ಲಿ ಏನೋ ಥಳಥಳ ಹೊಳೆಯಿತು. “ಅಮ್ಮನ ಮೂಗುತಿ ಕಣ್ರೋ! ಹೊಂಟವ್ಳೆ, ತಿರುಗಿ ನೋಡ್ತಾವ್ಳೆ” ಎಂದ ಪೂಜಾರಿ ಚಿತ್ತಯ್ಯ. ಊರಿಗೆ ಊರೇ ಕೈಮುಗಿಯಿತು.

ಕಾಟಮ್ಮನೂ ಮುಗಿದಳು. ಆದರೆ ಆ ಹೊಳಪು ಮೂರು ಸಲ ಮಿಂಚಿ ನಿಲ್ಲುತ್ತಿತ್ತು, ತಡೆದು ಮತ್ತೆ ಮೂರು ಸಲ. ಮೂಗುತಿ ಎಲ್ಲಾದರೂ ಎಣಿಸಿಕೊಂಡು ಹೊಳೆಯುತ್ತದೆಯೇ? ಆಕೆ ಚಿತ್ತಯ್ಯನ ಹತ್ತಿರ ಹೋದಳು.

“ಪೂಜಾರಪ್ಪ, ಅದು ಯಾರೋ ಕನ್ನಡಿ ಆಡಿಸ್ತಿರೋದು. ಜೀವ ಐತೆ ಅಲ್ಲಿ. ನೀರಿಗೆ ಬಾಯಿ ಬಿಡ್ತಿರಬೇಕು.”

ಚಿತ್ತಯ್ಯನೇನೂ ಕಟುಕನಲ್ಲ, ಅದೇ ವಾರ ಮೊಮ್ಮಗನನ್ನು ಕಳೆದುಕೊಂಡಿದ್ದವನು. “ಇರಬೌದವ್ವ. ದಾಟಂಗಿದ್ರೆ ದಾಟು. ನಿನ್ನ ಮಗನ ಆಸೆ ಬಿಟ್ಟು ದಾಟು” ಎಂದ.

ಕಾಟಮ್ಮ ನೀರಿನ ಕೊಡ ಹೊತ್ತು ಮುಳ್ಳಿನ ತನಕ ಹೋದಳು. ಹಿಂದಿನಿಂದ “ಅವ್ವಾ” ಎಂಬ ಕ್ಷೀಣ ದನಿ ಕೇಳಿತು. ಅಲ್ಲೇ ನಿಂತಳು. ತಿರುಗಿ ಬಂದು ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಆಕೆಯನ್ನು ಬೈಯುವುದು ಸುಲಭ. ಮಗಳನ್ನು ಹೂತ ಮಣ್ಣು ಒಣಗುವ ಮುನ್ನ ಮಗನನ್ನು ಪಣಕ್ಕಿಡಬಲ್ಲವರು ಬೇಕಾದರೆ ಬೈಯಲಿ.

ಮೂರು ಸಲದ ಮಿಂಚು ಎರಡಾಯಿತು. ಆಮೇಲೆ ಒಂದು. ತೋಪಿಗೆ ನೆರಳು ಬಂತು, ಬಯಲು ಕಪ್ಪಾಯಿತು, ನೆತ್ತಿಯ ಬಿಸಿಲು ಮಾತ್ರ ಕದಲಲಿಲ್ಲ. “ಇಳಿಯೋ ಹಾಳು ಹೊತ್ತೇ! ಯಾಕೋ ಹಿಂಗೆ ನಿಂತೀಯ?” ಎಂದು ಕಾಟಮ್ಮ ಸೂರ್ಯದೇವರಿಗೇ ಬೈದಳಂತೆ. ಕೊನೆಗೂ ಬಿಸಿಲು ಇಳಿದಾಗ ಮಗನನ್ನು ಅತ್ತೆಯ ಮಡಿಲಿಗೆ ಹಾಕಿ, ಗಂಡಸರಿಗಿಂತ ಮುಂದಾಗಿ ಓಡಿದಳು. ಇಬ್ಬರು ಮುರಿದ ವಿಮಾನದೊಳಗೇ ಸತ್ತಿದ್ದರು. ಮೂರನೆಯವನು, ಇನ್ನೂ ಮೀಸೆ ಬಲಿಯದ ಹುಡುಗ, ಬಂಡೆಗೆ ಒರಗಿ ಕೂತಿದ್ದ. ಅಂಗೈಯಲ್ಲಿ ಕನ್ನಡಿಯಿತ್ತು. ಕಾಟಮ್ಮ ಅವನ ಬಾಯಿಗೆ ನೀರು ಬಿಟ್ಟಳು. ಅದು ಗದ್ದದ ಮೇಲೆ ಹರಿದುಹೋಯಿತು. ಮೈ ಇನ್ನೂ ಬೆಚ್ಚಗಿತ್ತು.

ಸೇನೆಯವರು ಬಂದು ಹೆಣಗಳನ್ನು ಒಯ್ದರು. ಪಾಲಯ್ಯ ಚೇತರಿಸಿಕೊಂಡ; ಊರಿನಲ್ಲಿ ಮತ್ತೆ ಯಾರೂ ಸಾಯಲಿಲ್ಲ ಎನ್ನುತ್ತಾರೆ. ಎಲ್ಲರೂ ಅಮ್ಮನಿಗೆ ಹರಕೆ ಸಲ್ಲಿಸಿದರು. ಕಾಟಮ್ಮ ಸಲ್ಲಿಸಲಿಲ್ಲ. ಮಗನನ್ನು ಅಪ್ಪಿಕೊಂಡಾಗಲೆಲ್ಲ ಅವಳಿಗೆ ಆ ಇನ್ನೊಂದು ಬೆಚ್ಚಗಿನ ಮೈ ನೆನಪಾಗುತ್ತಿತ್ತು. ಯಾರ ಆಯುಸ್ಸು ಯಾರಿಗೆ ಬಂತೋ ಎಂಬ ಸಂಕಟ ಅವಳನ್ನು ಸಾಯುವ ತನಕ ಬಿಡಲಿಲ್ಲ. ಅಂದಿನಿಂದ ಹೊರಬೀಡು ವರ್ಷಕ್ಕೊಮ್ಮೆಯ ಕಟ್ಟಳೆಯಾಯಿತು. ಮುಂದಿನ ಹೊರಬೀಡಿಗೆ ಅವಳು ಊರು ಬಿಡಲು ಒಪ್ಪಲಿಲ್ಲ. “ನೀವು ಹೋಗ್ರಿ. ನಾನು ಗುಡ್ಡದ ಮ್ಯಾಲಿರ್ತೀನಿ” ಎಂದಳು. ಗಲಾಟೆಯೆದ್ದಿತು. ಎಲ್ಲರಿಗಿಂತ ಮೊದಲು ಅಡ್ಡಿ ಮಾಡಬೇಕಾಗಿದ್ದ ಚಿತ್ತಯ್ಯನೇ ತುಂಬಿದ ಕೊಡವನ್ನು ಆಕೆಯ ತಲೆಗೆ ಎತ್ತಿಕೊಟ್ಟನಂತೆ.

ಇಂದಿಗೂ ಹೊರಬೀಡಿನ ದಿನ ಬೊಮ್ಮಗುಂಟೆಗೆ ಹೋದವರಿಗೆ ಮುಳ್ಳು ಬಡಿದ ಊರಬಾಗಿಲು, ಹೊಗೆಯಿಲ್ಲದ ಮನೆಗಳು ಕಾಣುತ್ತವೆ. ಗುಡ್ಡದ ಬಂಡೆಯ ಮೇಲೆ ಮಾತ್ರ ಎಂಬತ್ತು ದಾಟಿದ ಪಾಲಯ್ಯ ಕೊಡವಿಟ್ಟುಕೊಂಡು ಒಬ್ಬನೇ ಕೂತಿರುತ್ತಾನೆ. ಈ ವಯಸ್ಸಿನಲ್ಲಿ ಯಾಕಜ್ಜ, ಬೇರೆ ಯಾರನ್ನಾದರೂ ಕಳಿಸಬಾರದೇ ಎಂದು ಕೇಳಿದವರಿಗೆ ಅವನು ಹೇಳುವುದು ಇಷ್ಟೇ:

“ಅವತ್ತು ನಮ್ಮವ್ವನ್ನ ತಡೆದಿದ್ದು ಮುಳ್ಳಲ್ಲ ಕಣಪ್ಪ. ನಾನು.”